ಸೌಟು ತಳಕ್ಕೆ ಹೋಗಲಿ

"ಅಮ್ಮನಿಗೆ ವಯಸ್ಸಾಯ್ತಲ್ಲ ಮೇಡಂ, ಹಗುರವಾಗಿ ಕೊಡ್ತಿದ್ದೀವಿ." ಡಯಟಿಷಿಯನ್ ಆಗಿ ಈ ಮಾತನ್ನು ವಾರಕ್ಕೆ ಮೂರ್ನಾಲ್ಕು ಸಲ ಕೇಳುತ್ತೇನೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಹಗುರದ ಊಟ ಏನು ಅಂತ ವಿಚಾರಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಚೆಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿಯನ್ನು ಮಗ ಕರೆತಂದಿದ್ದರು. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ಬೆಳಿಗ್ಗೆ ಅಕ್ಕಿ ಗಂಜಿ, ಹನ್ನೊಂದಕ್ಕೆ ಟೀ ಜೊತೆ ನಾಲ್ಕು ಬಿಸ್ಕತ್ತು, ಮಧ್ಯಾಹ್ನ ಅನ್ನ, ತಿಳಿಸಾರು, ನೀರು ಮಜ್ಜಿಗೆ, ರಾತ್ರಿ ಒಂದು ಲೋಟ ಹಾಲು, ಎರಡು ಬ್ರೆಡ್ಡು. ಕೂತು ಲೆಕ್ಕ ಹಾಕಿದೆ. ಇಡೀ ದಿನಕ್ಕೆ ಪ್ರೋಟೀನ್ 20ರಿಂದ 25 ಗ್ರಾಂ. ಅವರ ತೂಕ 50 ಕೆಜಿ.

ವಯಸ್ಸಾದಂತೆ ಓಡಾಟ ಕಮ್ಮಿಯಾಗುತ್ತದೆ, ಮಾಂಸಖಂಡ ಕರಗುತ್ತದೆ. ಹಾಗಾಗಿ ಕ್ಯಾಲೊರಿ ಕಮ್ಮಿ ಸಾಕು. ಇದು ನಿಜ. ಜನ ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕ್ಯಾಲೊರಿ ಇಳಿದರೆ ಪ್ರೋಟೀನ್ ಕೂಡ ಇಳಿಸಬಹುದು ಅಂದುಕೊಳ್ಳುತ್ತಾರೆ. ಹಾಗಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ಹೇಳಿದ್ದು ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ ಆ ಅಜ್ಜಿಯ ತೂಕಕ್ಕೆ ಸುಮಾರು 42 ಗ್ರಾಂ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ ಹಲವು ತಜ್ಞರು ಹೇಳುತ್ತಾರೆ. ಯಾಕೆ ಜಾಸ್ತಿ? ಅಷ್ಟೇ ಬೇಳೆ ತಿಂದರೂ ಎಳೆಯ ದೇಹ ಕಟ್ಟಿಕೊಳ್ಳುವಷ್ಟು ಮಾಂಸಖಂಡವನ್ನು ಹಳೆಯ ದೇಹ ಕಟ್ಟಿಕೊಳ್ಳುವುದಿಲ್ಲ. ಜ್ವರ ಬಂದು ಹತ್ತು ದಿನ ಮಲಗಿದರಂತೂ ಇದ್ದದ್ದೂ ಕರಗುತ್ತದೆ. ಅಂದರೆ ತಟ್ಟೆ ಚಿಕ್ಕದಾಗಬಹುದು, ಆದರೆ ಅದರಲ್ಲಿ ಬೇಳೆ, ಮೊಸರು, ಮೊಟ್ಟೆಯ ಪಾಲು ದೊಡ್ಡದಾಗಬೇಕು. ಇದನ್ನು ನಾನು ಒಂದೇ ಮನೆಯವರಿಗೆ ಮೂರು ಸಲ ಹೇಳಿದ್ದೂ ಉಂಟು.

ತಿಳಿಸಾರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಮೇಲಿನ ತಿಳಿ ಹಿರಿಯರಿಗೆ, ತಳದ ಬೇಳೆ ಉಳಿದವರಿಗೆ. ಪ್ರೋಟೀನ್ ಇರುವುದು ಬೇಳೆಯಲ್ಲಿ, ತಿಳಿಗೆ ಇಳಿಯುವುದು ತುಂಬಾ ಸ್ವಲ್ಪ. ಆ ಅಜ್ಜಿಯನ್ನು ಕೇಳಿದಾಗ, "ಬೇಳೆ ಮಕ್ಕಳಿಗಿರಲಿ ಕಣಮ್ಮ, ನನಗ್ಯಾಕೆ?" ಅಂದರು. ಇಂಥ ಮಾತಿಗೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಬಾಳೆಲ್ಲ ಕೊನೆಗೆ ಊಟಕ್ಕೆ ಕೂತ ಜೀವ ಅದು.

"ರಾಗಿ ಕೊಡ್ತೀವಲ್ಲ" ಅನ್ನುವವರೂ ಇದ್ದಾರೆ. ಕೊಡಿ, ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿ ಚೆನ್ನಾಗಿದೆ. ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಹೆಚ್ಚುಕಮ್ಮಿ ಅಕ್ಕಿಯಷ್ಟೇ. ಅಷ್ಟೇ ತೂಕದ ತೊಗರಿಬೇಳೆಯಲ್ಲಿ ಅದರ ಮೂರರಷ್ಟು.

ಹಲ್ಲಿಲ್ಲ, ಗ್ಯಾಸ್ ಆಗುತ್ತದೆ ಅನ್ನುವುದು ನಿಜವಾದ ತೊಂದರೆ. ಹೆಸರುಬೇಳೆಯಿಂದ ಶುರು ಮಾಡಿ. ಇಂಗು, ಜೀರಿಗೆ ಹಾಕಿ ಗಟ್ಟಿ ತೊವ್ವೆ ಮಾಡಿ. ಮೊದಲ ವಾರ ಎರಡು ಚಮಚ, ಆಮೇಲೆ ನಿಧಾನಕ್ಕೆ ಜಾಸ್ತಿ. ನುಚ್ಚಿನುಂಡೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬೇಳೆ ನೆನೆಸಿ ತರಿಯಾಗಿ ರುಬ್ಬಿ ಹಬೆಯಲ್ಲಿ ಬೇಯಿಸುವುದರಿಂದ ಎಣ್ಣೆ ಬೇಕಿಲ್ಲ, ಮಜ್ಜಿಗೆಹುಳಿಯಲ್ಲಿ ಕಿವುಚಿಕೊಂಡರೆ ಹಲ್ಲೂ ಬೇಕಿಲ್ಲ. ಅವರೆಕಾಯಿ ಕಾಲದಲ್ಲಿ ಹಿತುಕಿದ ಬೇಳೆ. ಗಂಜಿಯೇ ಬೇಕು ಅಂದರೆ ಎರಡು ಚಮಚ ಹುರಿಗಡಲೆ ಪುಡಿ ಕದಡಿ. ತಿನ್ನುವವರಿಗೆ ಮೊಟ್ಟೆ, ಮುಳ್ಳು ಬಿಡಿಸಿದ ಮೀನು. ಎಲ್ಲವನ್ನೂ ಒಂದೇ ಹೊತ್ತಿಗೆ ತುರುಕಬೇಡಿ. ಮೂರು ಹೊತ್ತಿಗೂ ಹಂಚಿ.

ಕಿಡ್ನಿ ತೊಂದರೆ ಇರುವವರು ಇದನ್ನು ಓದಿ ಸುಮ್ನೆ ಬೇಳೆ ಜಾಸ್ತಿ ಮಾಡಬಾರದು. ಅವರ ಲೆಕ್ಕವೇ ಬೇರೆ, ಮೊದಲು ವೈದ್ಯರನ್ನು ಕೇಳಬೇಕು. ಪಾರ್ಶ್ವವಾಯು ಆಗಿ ನುಂಗಲು ಕಷ್ಟಪಡುವವರೂ ಹಾಗೆಯೇ. ಬರೀ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರು ವಿಟಮಿನ್ ಬಿ12 ಪರೀಕ್ಷೆಯ ಬಗ್ಗೆಯೂ ವಿಚಾರಿಸಿ.

ಇನ್ನೊಂದು. ತಿಂದದ್ದು ಮಾಂಸಖಂಡಕ್ಕೆ ಸೇರಬೇಕಾದರೆ ಕಾಲಿಗೆ ಕೆಲಸ ಬೇಕು. ಅಜ್ಜಿಗೆ ದಿನಕ್ಕೆ ಎರಡು ಹೊತ್ತು, ಗಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದ್ದೆ, ಪಕ್ಕದಲ್ಲಿ ಒಬ್ಬರು ನಿಂತಿರಬೇಕು ಅಂತಲೂ.

ಮೂರು ತಿಂಗಳಾದ ಮೇಲೆ ಬಂದಿದ್ದರು. ತೂಕ ಹೆಚ್ಚೇನೂ ಏರಿರಲಿಲ್ಲ. ಒಂದೇ ಕೈ ಊರಿ ಎದ್ದರು. "ಈಗ ನಾನೇ ಬಡಿಸ್ಕೋತೀನಿ, ಸೌಟು ತಳಕ್ಕೆ ಬಿಟ್ಟು" ಅಂದರು. ಸೊಸೆ ಪಕ್ಕದಿಂದ, "ನುಚ್ಚಿನುಂಡೆಗೆ ಸಬ್ಬಸಿಗೆ ಸಾಲದು ಅಂತ ದಿನಾ ಬೈತಾರೆ ಮೇಡಂ" ಅಂತ ನಕ್ಕರು.