ಯುವ ವೈದ್ಯರೇ, ಮನೆ ಸಾಲ ಆಮೇಲೆ. ಒಪ್ಪಂದ ಪತ್ರ ಮೊದಲು

ಎಂಡಿ, ಎಂಎಸ್ ಮುಗಿಸಿ ಆಸ್ಪತ್ರೆ ಸೇರಿದ ವೈದ್ಯರು ಲೆಕ್ಕಪರಿಶೋಧಕನಾದ ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: ‘ದುಡ್ಡು ಎಲ್ಲಿ ಹಾಕಬೇಕು?’ ಮ್ಯೂಚುವಲ್ ಫಂಡೋ, ಜಾಗವೋ, ಮಂಗಳೂರಿನ ಕದ್ರಿಯಲ್ಲಿ ಒಂದು ಫ್ಲ್ಯಾಟೋ ಎಂಬ ಚರ್ಚೆಗೆ ಅವರು ತಯಾರಾಗಿ ಬಂದಿರುತ್ತಾರೆ. ನಾನು ಮಾತ್ರ ಮೊದಲು ಆಸ್ಪತ್ರೆಯ ಒಪ್ಪಂದ ಪತ್ರ ಕೊಡಿ ಎನ್ನುತ್ತೇನೆ. ಎಷ್ಟೋ ಸಲ ಅದು ಅವರ ಕೈಯಲ್ಲೇ ಇರುವುದಿಲ್ಲ. ‘ಸಹಿ ಹಾಕಿ ಎಚ್‌ಆರ್‌ಗೆ ಕೊಟ್ಟೆ ಸರ್, ಪ್ರತಿ ಇಟ್ಟುಕೊಂಡಿಲ್ಲ’ ಎನ್ನುತ್ತಾರೆ. ಎಂಟೂವರೆ ವರ್ಷ ಓದಿದವರು ನಾಲ್ಕು ಪುಟದ ಒಪ್ಪಂದವನ್ನು ಓದದೆ ಸಹಿ ಹಾಕಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಮ್ಮಲ್ಲಿ ಆಸ್ಪತ್ರೆಗಳು ವೈದ್ಯರಿಗೆ ದುಡ್ಡು ಕೊಡುವ ಬಗೆ ಎರಡು. ಒಂದು ಸಂಬಳ. ಇನ್ನೊಂದು ಪ್ರೊಫೆಷನಲ್ ಫೀ, ಅಂದರೆ ನೀವು ನೌಕರರಲ್ಲ, ಸಲಹಾ ವೈದ್ಯರು. ಫೀ ಆದರೆ ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಮುರಿದುಕೊಂಡು ಉಳಿದದ್ದು ಖಾತೆಗೆ ಬರುತ್ತದೆ. ಹಳೆಯ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು ಸೆಕ್ಷನ್ 194ಜೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿದ್ದರೂ ಎಲ್ಲರ ಬಾಯಲ್ಲಿರುವುದು ಹಳೆಯ ಸಂಖ್ಯೆಯೇ ಆದ್ದರಿಂದ ಅದನ್ನೇ ಬಳಸುತ್ತೇನೆ.

ತಿಂಗಳಿಗೆ 2 ಲಕ್ಷ, ವರ್ಷಕ್ಕೆ 24 ಲಕ್ಷ ಎಂದಿಟ್ಟುಕೊಳ್ಳಿ. ಸಂಬಳವಾದರೆ 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸೆಸ್ ಸೇರಿ ತೆರಿಗೆ 2,92,500 ರೂಪಾಯಿ. ಅದೇ 24 ಲಕ್ಷ ಫೀ ಆಗಿ ಬಂದರೆ ವೃತ್ತಿನಿರತರಿಗಿರುವ ಸೆಕ್ಷನ್ 44ಎಡಿಎ ಪ್ರಕಾರ ಕನಿಷ್ಠ ಅರ್ಧವನ್ನು ಆದಾಯವೆಂದು ಘೋಷಿಸಬಹುದು. ಖರ್ಚಿನ ಬಿಲ್ಲು, ಲೆಕ್ಕಪುಸ್ತಕ ಬೇಡ. ಅರ್ಧವೆಂದರೆ 12 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಮುರಿದುಕೊಂಡ 2,40,000 ರೂಪಾಯಿ ಟಿಡಿಎಸ್ ರಿಟರ್ನ್ ಸಲ್ಲಿಸಿದ ಮೇಲೆ ಹಿಂದಿರುಗುತ್ತದೆ. ವರ್ಷದ ಒಟ್ಟು ಫೀ 50 ಲಕ್ಷದವರೆಗೆ ಈ ಸೌಲಭ್ಯ ಉಂಟು. ನಗದು ರೂಪದಲ್ಲಿ ಬಂದದ್ದು ಶೇ. 5 ಮೀರದಿದ್ದರೆ 75 ಲಕ್ಷದವರೆಗೆ.

ಇಷ್ಟು ಕೇಳಿದ ಕೂಡಲೇ ‘ಹಾಗಾದರೆ ಫೀಯೇ ಒಳ್ಳೆಯದು’ ಎಂದು ಎದ್ದು ಹೊರಡುವವರಿದ್ದಾರೆ. ಕೂತುಕೊಳ್ಳಿ ಮಾರಾಯರೇ. ಫೀ ಪಡೆಯುವವರಿಗೆ ಪಿಎಫ್ ಇಲ್ಲ, ಗ್ರ್ಯಾಚುಯಿಟಿ ಇಲ್ಲ. ಕಾಲು ಮುರಿದು ಎರಡು ತಿಂಗಳು ಮಲಗಿದರೆ ಆ ಎರಡು ತಿಂಗಳು ದುಡ್ಡೂ ಇಲ್ಲ. ಹೆರಿಗೆ ರಜೆಯ ಸಂಬಳ ನೌಕರಳಾದವಳ ಹಕ್ಕು. ಸಲಹಾ ವೈದ್ಯೆಗೆ ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಸಿಗುತ್ತದೆ. ಯುವ ವೈದ್ಯೆಯರಿಗೆ ಇದನ್ನು ನಾನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಸಹಿ ಹಾಕುವ ವಯಸ್ಸೂ ಮಗುವಾಗುವ ವಯಸ್ಸೂ ಹೆಚ್ಚುಕಡಿಮೆ ಒಂದೇ. ಇನ್ನು, ಹೆಸರಿಗೆ ಸಲಹೆಗಾರರಾಗಿದ್ದು ಬೆಳಿಗ್ಗೆ ಎಂಟಕ್ಕೆ ಬೆರಳೊತ್ತಿ, ರಜೆಗೆ ಅರ್ಜಿ ಬರೆದು, ಹೊರಗೆ ಒಂದು ರೋಗಿಯನ್ನೂ ನೋಡಬಾರದೆಂಬ ಷರತ್ತಿನಲ್ಲಿ ದುಡಿಯುತ್ತಿದ್ದರೆ ಅದು ವಾಸ್ತವದಲ್ಲಿ ನೌಕರಿಯೇ ಎಂದು ತೆರಿಗೆ ಇಲಾಖೆ ತಕರಾರು ತೆಗೆದ ಉದಾಹರಣೆಗಳಿವೆ. ಒಪ್ಪಂದದ ಭಾಷೆಯೂ ದಿನನಿತ್ಯದ ಕೆಲಸವೂ ಒಂದಕ್ಕೊಂದು ಹೊಂದಬೇಕು.

ಒಪ್ಪಂದದಲ್ಲಿ ಮತ್ತೆ ಏನು ನೋಡಬೇಕು? ರೋಗಿಗಳು ಎಷ್ಟೇ ಬರಲಿ ಇಂತಿಷ್ಟು ಕೊಡುತ್ತೇವೆ ಎಂಬ ಮಿನಿಮಮ್ ಗ್ಯಾರಂಟಿ ಎಷ್ಟು ತಿಂಗಳು, ಆಮೇಲೆ ಬಿಲ್ಲಿನಲ್ಲಿ ಎಷ್ಟು ಪಾಲು ಎಂಬುದನ್ನು ಎಲ್ಲರೂ ಕೇಳುತ್ತಾರೆ. ಪಾಲು ಯಾವುದರ ಮೇಲೆ ಎಂದು ಕೇಳುವವರು ಕಡಿಮೆ. ಬಿಲ್ಲಿನ ಮೊತ್ತದ ಮೇಲೋ, ರಿಯಾಯಿತಿ ಕಳೆದ ಮೇಲೋ, ಇನ್ಶೂರೆನ್ಸ್ ಅಥವಾ ಸರ್ಕಾರದ ಆಯುಷ್ಮಾನ್ ಯೋಜನೆಯ ಹಣ ಆಸ್ಪತ್ರೆಗೆ ಬಂದ ಮೇಲೋ? ಕ್ಲೇಮು ತಿರಸ್ಕೃತವಾದರೆ ನಷ್ಟ ಯಾರದು? ಬಿಡುವಾಗ ನೋಟಿಸು ಅವಧಿ ಎಷ್ಟು, ಬಿಟ್ಟ ಮೇಲೆ ಇಂತಿಷ್ಟು ಕಿಲೋಮೀಟರ್ ಒಳಗೆ ಪ್ರಾಕ್ಟೀಸು ಮಾಡಬಾರದೆಂದು ಬರೆದಿದೆಯೇ? ಕಂಕನಾಡಿಯಿಂದ ಬೆಂದೂರ್‌ವೆಲ್‌ಗೆ ನಡೆದೇ ಹೋಗಬಹುದಾದ ಊರು ನಮ್ಮದು. ಇಲ್ಲಿ ಹತ್ತು ಕಿಲೋಮೀಟರ್ ಎಂದರೆ ಇಡೀ ನಗರವನ್ನೇ ಬಿಟ್ಟುಕೊಟ್ಟಂತೆ. ಅಂಥ ಷರತ್ತುಗಳು ನ್ಯಾಯಾಲಯದಲ್ಲಿ ಸುಲಭವಾಗಿ ನಿಲ್ಲುವುದಿಲ್ಲ, ನಿಜ. ಆದರೆ ಕೆಲಸಕ್ಕೆ ಹೊಸಬರಾದವರು ವಕೀಲರ ಕಚೇರಿ ಅಲೆಯುವುದು ಯಾಕೆ? ಸಹಿಗೆ ಮೊದಲೇ ಆ ಸಾಲು ತೆಗೆಸಿ.

ಈಗ ಕಂತಿನ ವಿಷಯ. ನಾನು ಅತಿ ಹೆಚ್ಚು ಕಾಳಜಿಯಿಂದ ಹೇಳುವ ಮಾತು ಇದೇ. ಮೊನ್ನೆ ಒಬ್ಬ ಯುವ ವೈದ್ಯರ ಲೆಕ್ಕವನ್ನು ಅವರ ಎದುರೇ ಬರೆದೆವು. 30 ಲಕ್ಷ ಶಿಕ್ಷಣ ಸಾಲ, ಶೇ. 10 ಬಡ್ಡಿ, ಹತ್ತು ವರ್ಷ: ಕಂತು ಸುಮಾರು 39,600. ಜೊತೆಗೆ ಫ್ಲ್ಯಾಟಿಗೆ 80 ಲಕ್ಷ ಸಾಲ ತೆಗೆಯುವ ಆಲೋಚನೆ; ಶೇ. 8.5ರಲ್ಲಿ ಇಪ್ಪತ್ತು ವರ್ಷಕ್ಕೆ ಕಂತು ಸುಮಾರು 69,400. ಕಾರಿಗೆ 18 ಲಕ್ಷ, ಶೇ. 9, ಏಳು ವರ್ಷ: ಸುಮಾರು 29,000. ಒಟ್ಟು 1,38,000. ಟಿಡಿಎಸ್ ಕಳೆದು ಅವರ ಕೈಗೆ ಬರುವುದು 1,80,000. ಉಳಿಯುವ 42,000ದಲ್ಲಿ ಮನೆ ನಡೆಯಬೇಕು, ತಂದೆ ತಾಯಿಯ ಔಷಧಿ ಆಗಬೇಕು, ಕಾನ್ಫರೆನ್ಸಿಗೆ ಹೋಗಬೇಕು. ಅದೂ ಗ್ಯಾರಂಟಿ ಇರುವ ತಿಂಗಳುಗಳಲ್ಲಿ.

ಗ್ಯಾರಂಟಿ ಮುಗಿದ ತಿಂಗಳು ಏನಾಗುತ್ತದೆ ಎಂಬುದನ್ನು ಆ ವೈದ್ಯರ ಮುಖ ನೋಡಿಯೇ ಹೇಳಬಹುದಿತ್ತು. ಎಷ್ಟು ಸ್ಕ್ಯಾನು ಬರೆದಿರಿ, ಎಷ್ಟು ಅಡ್ಮಿಷನ್ ಮಾಡಿಸಿದಿರಿ ಎಂದು ಆಡಳಿತದವರು ಕೇಳುವ ಜಾಗ ಎಲ್ಲ ಊರಲ್ಲೂ ಇದೆ. ‘ಈ ರೋಗಿಗೆ ಸಿಟಿ ಸ್ಕ್ಯಾನ್ ಬೇಡ, ಮನೆಗೆ ಕಳುಹಿಸುತ್ತೇನೆ’ ಎಂದು ಹೇಳಲು ಜ್ಞಾನ ಬೇಕು, ಧೈರ್ಯ ಬೇಕು. ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚಿನ ಹಣವೂ ಬೇಕು. 5ನೇ ತಾರೀಕಿಗೆ 1,38,000 ಕಟ್ಟಲೇಬೇಕಾದವರು ಎಷ್ಟೇ ಸಜ್ಜನರಾದರೂ ಆ ಕೆಲಸ ಬಿಡಲಾರರು. ಆದ್ದರಿಂದ ಮೊದಲ ಮೂರು ವರ್ಷ ಬಾಡಿಗೆ ಮನೆ, ಸಾಧಾರಣ ಕಾರು, ಶಿಕ್ಷಣ ಸಾಲದ ವೇಗದ ತೀರುವಳಿ. ಎಲ್ಲ ಕಂತೂ ಸೇರಿ ಕೈಗೆ ಬರುವ ದುಡ್ಡಿನ ಮೂರನೇ ಒಂದು ಭಾಗ ಮೀರಬಾರದು ಎಂಬುದು ನನ್ನ ಪಟ್ಟು. ಮನೆಯವರಿಗೆ ಇದು ಇಷ್ಟವಾಗುವುದಿಲ್ಲ. ‘ಡಾಕ್ಟರಾಗಿ ಇನ್ನೂ ಬಾಡಿಗೆ ಮನೆಯಾ?’ ಎಂದು ಮದುವೆ ಮನೆಯಲ್ಲಿ ಕೇಳುವವರು ಕೇಳಲಿ.

ಶಿಕ್ಷಣ ಸಾಲದ ಬಡ್ಡಿಗೆ ಸೆಕ್ಷನ್ 80ಇ ಅಡಿ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಆ ವಿನಾಯಿತಿಗೋಸ್ಕರ ಸಾಲವನ್ನು ಎಳೆಯುತ್ತಾ ಹೋಗಬೇಡಿ. ಪ್ರಾಕ್ಟೀಸಿನ ಆದಾಯ ಇರುವವರು ಪದ್ಧತಿಯನ್ನು ವರ್ಷವರ್ಷ ಅತ್ತಿತ್ತ ಬದಲಿಸಲು ಬರುವುದಿಲ್ಲ ಎಂಬುದೂ ನೆನಪಿರಲಿ.

ಉಳಿತಾಯದ ಪಾಠವನ್ನು ನಮ್ಮ ಕರಾವಳಿಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಟಿ.ಎಂ.ಎ. ಪೈ ಸ್ವತಃ ವೈದ್ಯರು. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುತ್ತಿದ್ದರು. ಕೈಗೆ ಬಂದ ಕೂಡಲೇ, ಖರ್ಚಾಗುವ ಮೊದಲೇ ತೆಗೆದಿಡುವ ಆ ಕ್ರಮ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಣ ಹಾಕುವ ಇಂದಿನ ಎಸ್‌ಐಪಿಗೂ ಅನ್ವಯಿಸುತ್ತದೆ. ಫೀ ಪಡೆಯುವವರು ಇದರ ಜೊತೆ ತೆರಿಗೆಗೂ ಬೇರೆ ಖಾತೆ ಇಡಬೇಕು. 44ಎಡಿಎಯಲ್ಲಿ ಟಿಡಿಎಸ್ ಸಾಲದೆ ಬಂದರೆ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬೇಕಾಗುತ್ತದೆ. ಹೆಚ್ಚು ಬಡ್ಡಿಯ ಆಸೆಗೆ ಸೌಹಾರ್ದ ಸೊಸೈಟಿಯಲ್ಲಿ ಪೂರ್ತಿ ಹಣ ಇಡುವವರಿಗೆ ಒಂದು ಮಾತು: ಬ್ಯಾಂಕ್ ಠೇವಣಿಗಿರುವ 5 ಲಕ್ಷದ ವಿಮಾ ರಕ್ಷಣೆ ಸೊಸೈಟಿಗಳ ಠೇವಣಿಗೆ ಇಲ್ಲ. ನೆಂಟರಾದ ಏಜೆಂಟರ ಮಾತಿಗೆ ಕಟ್ಟುಬಿದ್ದು ಹಣ ವಾಪಸ್ ಬರುವ ವಿಮಾ ಪಾಲಿಸಿ ಮಾಡಿಸಬೇಡಿ. ಸತ್ತರೆ ಮಾತ್ರ ಮನೆಯವರಿಗೆ ಹಣ ಕೊಡುವ ಟರ್ಮ್ ಪಾಲಿಸಿ ಸಾಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಪ್ರೀಮಿಯಂಗೆ ಜಿಎಸ್‌ಟಿಯೂ ಇಲ್ಲ.

ಔಷಧ ಕಂಪನಿಗಳ ಉಡುಗೊರೆ, ಪ್ರವಾಸ ನೈತಿಕವಾಗಿ ತಪ್ಪು ಎಂಬುದು ನಿಮಗೆ ಗೊತ್ತು. ಲೆಕ್ಕದಲ್ಲೂ ಅದು ಬಚ್ಚಿಟ್ಟುಕೊಳ್ಳುವುದಿಲ್ಲ. 2022ರ ಜುಲೈ 1ರಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಸೌಲಭ್ಯಗಳ ಮೇಲೆ ಕಂಪನಿ ಶೇ. 10 ಟಿಡಿಎಸ್ ಕಟ್ಟಬೇಕು. ಕಟ್ಟಿದ್ದು ನಿಮ್ಮ ತೆರಿಗೆ ವಿವರದ ಪಟ್ಟಿಯಾದ 26ಎಎಸ್‌ನಲ್ಲಿ ಕಂಪನಿಯ ಹೆಸರಿನ ಸಮೇತ ಕಾಣುತ್ತದೆ.

ಇನ್ನು ಇಂಡೆಮ್ನಿಟಿ ವಿಮೆ, ಅಂದರೆ ಚಿಕಿತ್ಸೆಯ ಬಗ್ಗೆ ರೋಗಿ ಪರಿಹಾರ ಕೇಳಿದರೆ ರಕ್ಷಣೆ ಕೊಡುವ ವಿಮೆ. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ತಂದಂದಿನಿಂದ ಇದು ಐಚ್ಛಿಕ ಖರ್ಚಾಗಿ ಉಳಿದಿಲ್ಲ. ‘ಆಸ್ಪತ್ರೆಯ ಪಾಲಿಸಿ ಇದೆಯಲ್ಲ’ ಎನ್ನುವವರು ಆ ಪಾಲಿಸಿಯಲ್ಲಿ ತಮ್ಮ ಹೆಸರಿದೆಯೇ, ಆಸ್ಪತ್ರೆ ಬಿಟ್ಟ ಮೇಲೂ ರಕ್ಷಣೆ ಮುಂದುವರಿಯುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಇಂಥ ಪಾಲಿಸಿಗಳು ಸಾಮಾನ್ಯವಾಗಿ ದೂರು ಬಂದ ದಿನ ಚಾಲ್ತಿಯಲ್ಲಿರಬೇಕು; ಚಿಕಿತ್ಸೆ ಕೊಟ್ಟ ದಿನ ಇದ್ದರೆ ಸಾಲದು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶ ಇರುವುದರಿಂದ, ದೇರಳಕಟ್ಟೆಯಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯ ನೋಟಿಸು ನೀವು ಕುಂದಾಪುರದಲ್ಲಿ ಸ್ವಂತ ಕ್ಲಿನಿಕ್ ತೆರೆದ ಮೇಲೆ ಬರಬಹುದು. ನಿಮ್ಮ ಹೆಸರಿನಲ್ಲೇ ಒಂದು ಪಾಲಿಸಿ ಮಾಡಿಸಿ, ಒಂದು ದಿನವೂ ತಪ್ಪದೆ ನವೀಕರಿಸಿ. ಕಂಪನಿ ಬದಲಿಸುವುದಾದರೆ ಹೊಸ ಪಾಲಿಸಿಯ ರಿಟ್ರೋಆಕ್ಟಿವ್ ದಿನಾಂಕ (ಯಾವ ದಿನದಿಂದ ಮಾಡಿದ ಚಿಕಿತ್ಸೆಗೆ ರಕ್ಷಣೆ ಎಂಬುದು) ಹಳೆಯ ಪಾಲಿಸಿಯದ್ದೇ ಇದೆಯೇ ಎಂದು ನೋಡಿಕೊಂಡು ಹಣ ಕಟ್ಟಿ.