ಕೋಡಿ ಹರಿಯುವ ಅಂಕಿಗಳು

ಕೋಲಾರದ ಹೊರವಲಯದಲ್ಲಿ, ಅಂತರಗಂಗೆಯ ಬೆಟ್ಟಸಾಲು ಕಿಟಕಿಯಿಂದಲೇ ಕಾಣುವ ಕಾಲೇಜೊಂದರ ಪ್ರಯೋಗಾಲಯದಲ್ಲಿ, ಕಂಪ್ಯೂಟರ್ ಸೈನ್ಸ್ ಮೊದಲ ಸೆಮಿಸ್ಟರಿಗೆ ಸೇರಿದ ಮಕ್ಕಳಿಂದ ನಾನು ಪ್ರತಿವರ್ಷ ಒಂದು ಪುಟ್ಟ ಪ್ರೋಗ್ರಾಂ ಬರೆಸುತ್ತೇನೆ. 1ರಿಂದ ಹಿಡಿದು ಕೊಟ್ಟ ಸಂಖ್ಯೆಯವರೆಗಿನ ಎಲ್ಲವನ್ನೂ ಒಂದಕ್ಕೊಂದು ಗುಣಿಸುವ ಲೆಕ್ಕ ಅದು. ಫ್ಯಾಕ್ಟೋರಿಯಲ್ ಎಂದು ಅದರ ಹೆಸರು. 5 ಎಂದು ಕೊಟ್ಟರೆ ಪರದೆಯ ಮೇಲೆ 120 ಬರುತ್ತದೆ, 10 ಎಂದರೆ 36,28,800, 12 ಎಂದರೆ 47,90,01,600. 13 ಎಂದು ಕೊಟ್ಟಾಗ 1,93,20,53,504 ಎಂದು ಬರುತ್ತದೆ. ಹೆಚ್ಚಿನವರು ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಪ್ರೋಗ್ರಾಮಿಗೆ ಹೋಗುತ್ತಾರೆ. ಶ್ರೀನಿವಾಸಪುರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಓಡಾಡುವ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ ಹುಡುಗಿಯೊಬ್ಬಳು ಮಾತ್ರ ಒಂದು ಮಧ್ಯಾಹ್ನ ಕೈಯೆತ್ತಿ ಕೇಳಿದಳು: "ಸಾರ್, 12ರ ಉತ್ತರದ ಕೊನೆಯಲ್ಲಿ ಎರಡು ಸೊನ್ನೆ ಇದಾವೆ. ಅದನ್ನ 13ರಿಂದ ಗುಣಿಸಿದರೆ ಆ ಸೊನ್ನೆಗಳು ಎಲ್ಲಿ ಹೋದವು?"

ಮೊದಲ ಸೆಮಿಸ್ಟರಿನ ತಿರುಳು ಈ ಪ್ರಶ್ನೆಯಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಮಕ್ಕಳನ್ನು ಕಾಲೇಜಿಗೆ ಸೇರಿಸಿದ ತಂದೆತಾಯಿಗಳು ಕಂಪ್ಯೂಟರ್ ಸೈನ್ಸ್ ಎಂದರೆ ಮೊದಲ ದಿನದಿಂದಲೇ ಆ್ಯಪ್ ಮಾಡುವುದು, ವೆಬ್‌ಸೈಟ್ ಕಟ್ಟುವುದು ಎಂದುಕೊಂಡಿರುತ್ತಾರೆ. ವೇಳಾಪಟ್ಟಿ ಕೈಗೆ ಬಂದಾಗ ಅದರಲ್ಲಿ ಗಣಿತವಿರುತ್ತದೆ, ಭೌತಶಾಸ್ತ್ರ ಇಲ್ಲವೇ ರಸಾಯನಶಾಸ್ತ್ರವಿರುತ್ತದೆ, ಇಂಗ್ಲಿಷ್ ಇರುತ್ತದೆ, ಕನ್ನಡವೂ ಇರುತ್ತದೆ. 1998ರಲ್ಲಿ ಸ್ಥಾಪನೆಯಾಗಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಮೊದಲ ವರ್ಷದವರನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎರಡು ಗುಂಪು ಮಾಡಿ, ಅರ್ಧ ವರ್ಷದ ನಂತರ ಅದಲುಬದಲು ಮಾಡುವ ಪದ್ಧತಿಯಿದೆ. ಇವೆಲ್ಲದರ ನಡುವೆ ಕಂಪ್ಯೂಟರಿಗೆ ನೇರವಾಗಿ ಸಂಬಂಧಪಟ್ಟದ್ದು ಸಾಮಾನ್ಯವಾಗಿ ಒಂದೇ ವಿಷಯ, ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು.

ಇಂಗ್ಲಿಷ್ ಬಾರದವರಿಗೆ ಇದು ಕಷ್ಟ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ಮಕ್ಕಳ ಧೈರ್ಯ ಕೆಡಿಸಿದೆ. ಅದನ್ನು ಇಲ್ಲೇ ಬಗೆಹರಿಸಿಬಿಡುತ್ತೇನೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಗೆ 1989ರಲ್ಲಿ ಮೊದಲ ಅಧಿಕೃತ ಮಾನಕ ಸಿದ್ಧವಾದಾಗ ಅದರಲ್ಲಿದ್ದ ಮೀಸಲು ಪದಗಳು ಕೇವಲ 32. ಇಫ್, ಎಲ್ಸ್, ಫಾರ್, ವೈಲ್ ಎಂಬಂಥ ಈ ಪದಗಳನ್ನು ಒಂದು ವಾರದಲ್ಲಿ ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಕಷ್ಟವಿರುವುದು ಇನ್ನೊಂದು ಕಡೆ. ಹಳ್ಳಿಯ ನೀರುಗಂಟಿಗೆ "ಇವತ್ತು ಮೇಲಿನ ಗದ್ದೆಗೆ ನೀರು ಬಿಡಪ್ಪ" ಎಂದರೆ ಸಾಕು, ಎಷ್ಟು ಹೊತ್ತು ಬಿಡಬೇಕು, ಯಾವಾಗ ತೂಬು ಮುಚ್ಚಬೇಕು, ಬದು ಒಡೆದಿದ್ದರೆ ಏನು ಮಾಡಬೇಕು ಎಂಬುದೆಲ್ಲ ಅವನಿಗೆ ಗೊತ್ತಿರುತ್ತದೆ. ಯಂತ್ರಕ್ಕೆ ಇಂಥ ಊಹೆ ಇಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತದೆ, ಮತ್ತು ತನ್ನೊಳಗೆ ಹಿಡಿಸುವಷ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಹಾಗಾದರೆ ಅದು ಏನನ್ನು ಇಟ್ಟುಕೊಳ್ಳುತ್ತದೆ? ಸೊನ್ನೆ ಮತ್ತು ಒಂದು, ಎರಡೇ ಚಿಹ್ನೆಗಳನ್ನು. ಎರಡು ಚಿಹ್ನೆಗಳಲ್ಲಿ ಲೋಕವನ್ನೆಲ್ಲ ಬರೆಯುವುದು ಹೇಗೆಂದು ಗಾಬರಿಯಾಗುವ ಮಕ್ಕಳಿಗೆ ನಾನು ಪ್ರೌಢಶಾಲೆಯ ಕನ್ನಡ ತರಗತಿಯನ್ನು ನೆನಪಿಸುತ್ತೇನೆ. ಛಂದಸ್ಸಿನಲ್ಲಿಯೂ ಲಘು, ಗುರು ಎಂದು ಎರಡೇ ಇವೆ. ಮೂರು ಮೂರು ಅಕ್ಷರ ಸೇರಿಸಿ ಗಣ ಮಾಡಿದರೆ ಎಂಟು ಗಣಗಳಾಗುತ್ತವೆ, ಒಂಬತ್ತನೆಯದು ಎಷ್ಟು ಹುಡುಕಿದರೂ ಸಿಗುವುದಿಲ್ಲ. "ಯಮಾತಾರಾಜಭಾನಸಲಗಂ" ಎಂಬ ಸೂತ್ರದಲ್ಲಿ ಯಾವುದೇ ಅಕ್ಷರದಿಂದ ಮೂರನ್ನು ಎಣಿಸಿಕೊಂಡರೂ ಆ ಅಕ್ಷರದ ಹೆಸರಿನ ಗಣವೇ ಬರುತ್ತದೆ: ಯಮಾತಾ ಎಂದರೆ ಯಗಣ, ಮಾತಾರಾ ಎಂದರೆ ಮಗಣ, ಹೀಗೆ ಸಲಗಂ ಎಂಬ ಸಗಣದವರೆಗೆ ಎಂಟೂ ಗಣಗಳು ಹತ್ತೇ ಅಕ್ಷರಗಳಲ್ಲಿ ಒಂದೂ ಮರುಕಳಿಸದಂತೆ ಕುಳಿತಿವೆ. ಲಘುವಿಗೆ 0, ಗುರುವಿಗೆ 1 ಎಂದಿಟ್ಟುಕೊಂಡರೆ ಅದೇ ಮೂರು ಬಿಟ್‌ಗಳ ಪಟ್ಟಿ. 0 ಅಥವಾ 1 ಹಿಡಿಸುವ ಒಂದು ಸ್ಥಾನಕ್ಕೆ ಬಿಟ್ ಎಂದು ಹೆಸರು. ಒಂದು ಬಿಟ್ ಹೆಚ್ಚಿಸಿದರೆ ಸಾಧ್ಯತೆಗಳು ಇಮ್ಮಡಿಯಾಗುತ್ತವೆ. ಎಂಟು ಬಿಟ್‌ಗಳಿಗೆ 256, ಮೂವತ್ತೆರಡಕ್ಕೆ 4,29,49,67,296.

ಅಕ್ಷರಗಳನ್ನೂ ಯಂತ್ರ ಸಂಖ್ಯೆಯಾಗಿಯೇ ಇಟ್ಟುಕೊಳ್ಳುತ್ತದೆ. ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ನಮ್ಮ 'ಕ' ಅಕ್ಷರದ ಸಂಖ್ಯೆ 3221. 'ಕೋಲಾರ' ಎಂಬ ಪದದ ಉದ್ದವೆಷ್ಟು ಎಂದು ಸಿ ಭಾಷೆಯ ಸಾಮಾನ್ಯ ಎಣಿಕೆಗೆ ಕೇಳಿದರೆ ಅದು 15 ಎನ್ನುತ್ತದೆ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿಗೆ ಕ, ಓತ್ವ, ಲ, ದೀರ್ಘ, ರ ಎಂದು ಐದು ಚಿಹ್ನೆ. ಈಗ ಎಲ್ಲೆಡೆ ಬಳಕೆಯಲ್ಲಿರುವ ಸಂಗ್ರಹ ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಅಂದರೆ ಎಂಟೆಂಟು ಬಿಟ್‌ಗಳ ಮೂರು ಗುಂಪು; ಸಿ ಎಣಿಸುವುದು ಈ ಬೈಟ್‌ಗಳನ್ನು. ಮೊದಲ ಸಲ ಇದನ್ನು ಕಂಡ ಮಕ್ಕಳು ತಮ್ಮ ತಮ್ಮ ಊರಿನ ಹೆಸರು ಹಾಕಿ ನೋಡದೆ ಬಿಡುವುದಿಲ್ಲ.

ಇನ್ನು ಕೂಡುವ ಲೆಕ್ಕಕ್ಕೆ ಬರೋಣ. ಕೋಲಾರದವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ನಾವು ಕೆರೆಗಳ ಸರಪಳಿಯ ನಡುವೆ ಬೆಳೆದವರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಕೆರೆಗಳನ್ನು ಒಂದರ ಕೆಳಗೊಂದರಂತೆ ಕಟ್ಟಿದರು; ಮೇಲಿನದು ತುಂಬಿ ಕೋಡಿ ಹೋದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನದಕ್ಕೆ ಸೇರುತ್ತದೆ. 2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯಡಿ ಲಕ್ಷ್ಮೀಸಾಗರ ಕೆರೆಗೆ ಬಂದು, ಅದು ತುಂಬಿ ಮುಂದಿನ ಕೆರೆಗಳಿಗೆ ಹರಿದು, ನರಸಾಪುರದ ದೊಡ್ಡ ಕೆರೆಯನ್ನು ಮುಟ್ಟಿದ್ದನ್ನು ಈ ಮಕ್ಕಳು ಚಿಕ್ಕವರಿದ್ದಾಗ ಕಂಡಿದ್ದಾರೆ, ಕೇಳಿದ್ದಾರೆ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಹಲವು ಕೆರೆಗಳು ಕೋಡಿ ಹರಿದದ್ದಂತೂ ಮನೆಮನೆಯ ನೆನಪು.

ಬಿಟ್‌ಗಳನ್ನು ಕೂಡುವಾಗಲೂ ನಡೆಯುವುದು ಇಂಥದ್ದೇ. ಒಂದು ಸ್ಥಾನದಲ್ಲಿ ಹಿಡಿಸುವುದು 0 ಅಥವಾ 1 ಮಾತ್ರ. ಅಲ್ಲಿ ಈಗಾಗಲೇ 1 ಇದ್ದು ಇನ್ನೊಂದು 1 ಬಂದರೆ ಅದು ಕೋಡಿ ಬಿದ್ದು ಎಡಗಡೆಯ ಸ್ಥಾನಕ್ಕೆ ಹೋಗುತ್ತದೆ. ಪ್ರಾಥಮಿಕ ಶಾಲೆಯಲ್ಲಿ "ದಶಕ" ಎಂದು ಮೇಲೆ ಬರೆದುಕೊಳ್ಳುತ್ತಿದ್ದೆವಲ್ಲ, ಅದೇ. ಹೋಲಿಕೆ ಒಂದು ಕಡೆ ತಪ್ಪುತ್ತದೆ, ಅದನ್ನು ಹೇಳಲೇಬೇಕು: ಕೋಡಿ ಹೋದ ಕೆರೆ ತುಂಬಿಯೇ ಇರುತ್ತದೆ, ಕೋಡಿ ಹೋದ ಬಿಟ್ ಬರಿದಾಗಿ 0 ಆಗುತ್ತದೆ. ಹಳೆಯ ಸ್ಕೂಟರಿನ ಕಿಲೋಮೀಟರ್ ಮಾಪಕದಲ್ಲಿ 9 ಸೊನ್ನೆಗೆ ತಿರುಗುತ್ತಾ ಪಕ್ಕದ ಅಂಕಿಯನ್ನು ಒಂದು ಹೆಜ್ಜೆ ನೂಕುವ ಹಾಗೆ. ಸಾಲಿನಲ್ಲಿರುವ ಎಲ್ಲವೂ 1 ಆಗಿರುವಾಗ ಬಲತುದಿಗೆ ಇನ್ನೊಂದು 1 ಸೇರಿಸಿದರೆ ಕೋಡಿ ಒಂದೊಂದೇ ಸ್ಥಾನ ದಾಟಿಕೊಂಡು ಎಡತುದಿಯವರೆಗೂ ಓಡಬೇಕಾಗುತ್ತದೆ. ಕೊನೆಯ ಉತ್ತರಕ್ಕೆ ಅಷ್ಟು ಹೊತ್ತು ಕಾಯಬೇಕಾಗುವುದರಿಂದಲೇ ಯಂತ್ರ ವಿನ್ಯಾಸಕಾರರು ಕೋಡಿಯನ್ನು ಮುಂಚೆಯೇ ಲೆಕ್ಕ ಹಾಕಿಕೊಳ್ಳುವ ಉಪಾಯಗಳನ್ನು ಕಂಡುಕೊಂಡರು.

ಈ ಕೂಡುವ ಕೆಲಸವನ್ನು ಜೀವವಿಲ್ಲದ ತಂತಿ ಹೇಗೆ ಮಾಡುತ್ತದೆ ಎಂಬುದನ್ನು ಹಾಸ್ಟೆಲಿನ ಮೆಟ್ಟಿಲ ಬಳಿ ನಿಂತು ತೋರಿಸಬಹುದು. ಅಲ್ಲಿ ಒಂದೇ ಬಲ್ಬಿಗೆ ಕೆಳಗೊಂದು, ಮೇಲೊಂದು ಸ್ವಿಚ್ಚಿದೆ. ಎರಡೂ ಒಂದೇ ದಿಕ್ಕಿಗಿದ್ದರೆ ಬಲ್ಬು ಆರಿರುತ್ತದೆ, ಬೇರೆ ಬೇರೆ ದಿಕ್ಕಿಗಿದ್ದರೆ ಉರಿಯುತ್ತದೆ. 0 ಮತ್ತು 0 ಕೂಡಿದರೆ ಬಲಗಡೆಯ ಅಂಕಿ 0; 1 ಮತ್ತು 1 ಕೂಡಿದರೂ ಬಲಗಡೆಯ ಅಂಕಿ 0; ಒಂದು ಮಾತ್ರ 1 ಆಗಿದ್ದರೆ 1. ಅಂದರೆ ಮೆಟ್ಟಿಲ ಬಲ್ಬು ಎರಡು ಬಿಟ್‌ಗಳನ್ನು ಆಗಲೇ ಕೂಡುತ್ತಿದೆ. ಉಳಿದದ್ದು ಕೋಡಿ. ಒಂದೇ ಕಾಲುವೆಗೆ ಹಿಂದೆ ಮುಂದೆ ಎರಡು ಗೇಟು ಹಾಕಿದರೆ ಎರಡೂ ತೆರೆದಾಗ ಮಾತ್ರ ನೀರು ಗದ್ದೆ ಸೇರುತ್ತದೆ. ಎರಡೂ 1 ಆದಾಗ ಮಾತ್ರ ಕೋಡಿ ಬೀಳಬೇಕೆಂಬ ನಿಯಮಕ್ಕೆ ಇಷ್ಟು ಸಾಕು. ಹೌದು, ಅಲ್ಲ ಎಂಬ ಮಾತುಗಳನ್ನು ಬೀಜಗಣಿತದಂತೆ ಲೆಕ್ಕ ಹಾಕಬಹುದೆಂದು ಜಾರ್ಜ್ ಬೂಲ್ 1854ರಲ್ಲಿ ವಿಸ್ತಾರವಾಗಿ ಬರೆದರು. ಆ ಗಣಿತ ವಿದ್ಯುತ್ ಸ್ವಿಚ್ಚುಗಳಿಗೆ ಹಾಗೆಯೇ ಹೊಂದುತ್ತದೆಂದು ಕ್ಲಾಡ್ ಶಾನನ್ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದ್ದು 1937ರಲ್ಲಿ. ಆಗ ಅವರಿಗೆ ಇಪ್ಪತ್ತೊಂದು ವರ್ಷ, ನನ್ನ ಮುಂದೆ ಕುಳಿತ ಮಕ್ಕಳಿಗಿಂತ ಮೂರ್ನಾಲ್ಕು ವರ್ಷವಷ್ಟೇ ದೊಡ್ಡವರು.

ಈಗ ಆ ಕಳೆದುಹೋದ ಸೊನ್ನೆಗಳಿಗೆ ಉತ್ತರ ಹೇಳಬಹುದು. 13ರ ಫ್ಯಾಕ್ಟೋರಿಯಲ್ ನಿಜಕ್ಕೂ 6,22,70,20,800. ಅದನ್ನು ಬರೆಯಲು 33 ಬಿಟ್‌ಗಳು ಬೇಕು. ಪ್ರೋಗ್ರಾಮಿನಲ್ಲಿ ಮಕ್ಕಳು ಇಂಟ್, ಅಂದರೆ ಪೂರ್ಣಾಂಕ, ಎಂದು ಘೋಷಿಸಿದ ಪೆಟ್ಟಿಗೆಯಲ್ಲಿ ಇರುವುದು 32. ಸರಪಳಿಯ ಕೊನೆಯ ಕೆರೆಯ ಕೆಳಗೆ ಇನ್ನೊಂದು ಕೆರೆಯೇ ಇಲ್ಲ. ಮೂವತ್ಮೂರನೆಯ ಸ್ಥಾನಕ್ಕೆ ಹೋಗಬೇಕಿದ್ದ ಒಂದೇ ಒಂದು ಬಿಟ್ ಯಾರ ಲೆಕ್ಕಕ್ಕೂ ಸಿಗದೆ ಹೋಯಿತು. ಆ ಬಿಟ್‌ನ ಬೆಲೆ 4,29,49,67,296. ನಿಜವಾದ ಉತ್ತರದಿಂದ ಅದನ್ನು ಕಳೆದರೆ ಪರದೆಯ ಮೇಲೆ ಬಂದ 1,93,20,53,504 ಸರಿಯಾಗಿ ಸಿಗುತ್ತದೆ. ಕಪ್ಪುಹಲಗೆಯ ಮೇಲೆ ಈ ಕಳೆಯುವ ಲೆಕ್ಕ ಮಾಡಿ, ಕೊನೆಯ ಅಂಕಿಯವರೆಗೂ ತಾಳೆಯಾದಾಗ ಇಡೀ ತರಗತಿ ಮೌನವಾಗುತ್ತದೆ. ಎಷ್ಟು ವರ್ಷ ಕಲಿಸಿದರೂ ನನಗೆ ಆ ಗಳಿಗೆ ಹಳತಾಗಿಲ್ಲ.

ಪೆಟ್ಟಿಗೆಯ ಎಡತುದಿಯ ಬಿಟ್ ಧನವೋ ಋಣವೋ ಎಂಬುದನ್ನು ಸೂಚಿಸುವುದರಿಂದ ಸಂಖ್ಯೆಗೆ ಉಳಿಯುವುದು 31 ಬಿಟ್, ಗರಿಷ್ಠ 2,14,74,83,647. ಹಾಗಾಗಿ 17 ಎಂದು ಕೊಟ್ಟಾಗ ಕೋಡಿಯ ಅಂಕಿ ಚಿಹ್ನೆಯ ಸ್ಥಾನಕ್ಕೇ ಬಿದ್ದು ಋಣ 28,85,22,240 ಎಂದು ಬರುತ್ತದೆ. 34 ಎಂದು ಕೊಟ್ಟರೆ ಉತ್ತರ ಬರೀ 0, ಏಕೆಂದರೆ 1ರಿಂದ 34ರವರೆಗಿನ ಸಂಖ್ಯೆಗಳನ್ನು ಗುಣಿಸಿದಾಗ ಅದರಲ್ಲಿ 2 ಎಂಬ ಅಪವರ್ತನ ಕರಾರುವಾಕ್ಕಾಗಿ 32 ಸಲ ಸೇರಿ, ಬಲಗಡೆಯ ಮೂವತ್ತೆರಡು ಸ್ಥಾನಗಳೂ ಸೊನ್ನೆಯಾಗಿಬಿಡುತ್ತವೆ. ಸಿ ಭಾಷೆಯ ಮಾನಕ ಇಂಥ ಸಂದರ್ಭದಲ್ಲಿ ಯಾವ ಉತ್ತರವನ್ನೂ ಖಾತರಿಪಡಿಸುವುದಿಲ್ಲ. ನಮ್ಮ ಪ್ರಯೋಗಾಲಯದ ಯಂತ್ರಗಳಲ್ಲಿ ಬರುವುದು ಇವು. ಎಚ್ಚರಿಕೆಯ ಒಂದು ಸಾಲೂ ಪರದೆಯ ಮೇಲೆ ಮೂಡುವುದಿಲ್ಲ.

ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಆಗುವ ತಪ್ಪಲ್ಲ ಇದು. 1996ರ ಜೂನ್ 4ರಂದು ಮೊದಲ ಸಲ ಹಾರಿದ ಯುರೋಪಿನ ಏರಿಯಾನ್ 5 ರಾಕೆಟ್ ಸುಮಾರು ನಲವತ್ತು ಸೆಕೆಂಡುಗಳಲ್ಲಿ ನಾಶವಾಯಿತು. 64 ಬಿಟ್‌ಗಳ ಸಂಖ್ಯೆಯೊಂದನ್ನು 32,767ಕ್ಕಿಂತ ಹೆಚ್ಚು ಹಿಡಿಸದ 16 ಬಿಟ್‌ಗಳ ಪೆಟ್ಟಿಗೆಗೆ ತುಂಬಲು ಹೋದದ್ದೇ ಮೂಲ ಕಾರಣ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದಿರುವ ಹಳೆಯ 32 ಬಿಟ್ ಗಡಿಯಾರಗಳು 2038ರ ಜನವರಿ 19ರಂದು, ನಮ್ಮ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತವೆ. ಅವುಗಳನ್ನು ಅಷ್ಟರೊಳಗೆ ಹುಡುಕಿ ಬದಲಿಸಬೇಕಾದ ಕೆಲಸ ಈಗ ಓದುತ್ತಿರುವವರ ತಲೆಮಾರಿನದು.

ನನಗೆ ಇವೆರಡಕ್ಕಿಂತ ಹೆಚ್ಚು ಕಾಡುವ ಉದಾಹರಣೆ ಇನ್ನೊಂದಿದೆ. ಅಕಾರಾದಿಯಾಗಿ ಜೋಡಿಸಿದ ನಿಘಂಟಿನಲ್ಲಿ ಪದ ಹುಡುಕುವಾಗ ನಾವು ನಡುವಿನ ಪುಟ ತೆರೆದು, ಬೇಕಾದದ್ದು ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದರ್ಧವನ್ನು ಬಿಟ್ಟುಬಿಡುತ್ತೇವೆ. ಮೊದಲ ಸೆಮಿಸ್ಟರಿನಲ್ಲೇ ಕಲಿಸುವ ದ್ವಿಭಾಜಕ ಹುಡುಕಾಟವೂ ಹೀಗೆಯೇ. ಹತ್ತು ಲಕ್ಷ ಹೆಸರುಗಳ ಪಟ್ಟಿಯಲ್ಲೂ ಇಪ್ಪತ್ತು ಸಲ ನೋಡಿದರೆ ಕೆಲಸ ಮುಗಿಯುತ್ತದೆ. ನಡುವಿನ ಸ್ಥಾನ ಬೇಕೆಂದರೆ ಮೊದಲ ಸ್ಥಾನ ಮತ್ತು ಕೊನೆಯ ಸ್ಥಾನವನ್ನು ಕೂಡಿಸಿ ಎರಡರಿಂದ ಭಾಗಿಸಬೇಕು, ಅಷ್ಟೇ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜಾವಾ ಎಂಬ ಪ್ರೋಗ್ರಾಂ ಭಾಷೆಯ ಗ್ರಂಥಾಲಯದಲ್ಲಿ, ಅಂದರೆ ಸಿದ್ಧ ಪ್ರೋಗ್ರಾಂಗಳ ಸಂಗ್ರಹದಲ್ಲಿ, ನುರಿತವರು ಬರೆದಿಟ್ಟಿದ್ದ ಈ ಸಾಲಿನಲ್ಲಿಯೇ ದೋಷವಿತ್ತೆಂದು 2006ರಲ್ಲಿ ಬಹಿರಂಗವಾಯಿತು. ಅಷ್ಟು ಹೊತ್ತಿಗೆ ಅದು ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಪಟ್ಟಿಯಲ್ಲಿ ನೂರು ಕೋಟಿಗೂ ಮೀರಿದ ಹೆಸರುಗಳಿದ್ದಾಗ ಎರಡು ಸ್ಥಾನಗಳ ಮೊತ್ತ 2,14,74,83,647 ದಾಟಿ ಋಣಸಂಖ್ಯೆಯಾಗುತ್ತಿತ್ತು. ಮದ್ದು ಇಷ್ಟೇ: ಎರಡನ್ನೂ ಕೂಡಿಸುವ ಬದಲು, ಅವುಗಳ ವ್ಯತ್ಯಾಸದ ಅರ್ಧವನ್ನು ಮೊದಲ ಸ್ಥಾನಕ್ಕೆ ಸೇರಿಸುವುದು. ಬೀಜಗಣಿತದಲ್ಲಿ ಎರಡೂ ಒಂದೇ. ಕಾಗದಕ್ಕೆ ಅಂಚಿಲ್ಲ, ಪೆಟ್ಟಿಗೆಗೆ ಅಂಚಿದೆ.

ಅಂಚು ಬಂದಾಗ ಏನಾಗಬೇಕೆಂದು ಮೊದಲೇ ಯೋಚಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದ್ದರೂ 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿತ್ತು. ಅವರು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದ, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮೊದಲು ಅಳವಡಿಸಿದ ಸ್ವಯಂಚಾಲಿತ ಗೇಟುಗಳು ನೀರು ನಿಗದಿತ ಮಟ್ಟ ಮೀರಿದರೆ ತಾವಾಗಿ ತೆರೆದುಕೊಂಡು, ಇಳಿದರೆ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಮೀರಿದರೆ ಹೀಗೆ, ಇಲ್ಲದಿದ್ದರೆ ಹಾಗೆ: ಇಫ್, ಎಲ್ಸ್ ಎಂಬ ಎರಡು ಪದಗಳನ್ನು ಕಬ್ಬಿಣದಲ್ಲಿ ಎರಕ ಹೊಯ್ದಂತೆ. ಮಕ್ಕಳಿಗೆ ಷರತ್ತಿನ ಪಾಠ ಮಾಡುವಾಗ ನಾನು ಮೊದಲು ಬರೆಯುವ ಚಿತ್ರ ಆ ಗೇಟಿನದು.

ಅಂದು ಸೊನ್ನೆಗಳ ಬಗ್ಗೆ ಕೇಳಿದ ಹುಡುಗಿಗೆ ಇದೆಲ್ಲವನ್ನೂ ಒಂದೇ ದಿನ ಹೇಳಲು ಸಾಧ್ಯವಿರಲಿಲ್ಲ. ಇಂಟ್ ಎಂದಿರುವ ಕಡೆ ಲಾಂಗ್ ಲಾಂಗ್ ಎಂದು ಬರೆದರೆ 64 ಬಿಟ್‌ಗಳ ಪೆಟ್ಟಿಗೆ ಸಿಗುತ್ತದೆ ಎಂದಷ್ಟೇ ಹೇಳಿದೆ. ಅವಳು ತಿದ್ದಿ 13 ಕೊಟ್ಟಳು; ಎರಡು ಸೊನ್ನೆಗಳೂ ಸ್ವಸ್ಥಾನಕ್ಕೆ ಮರಳಿದ್ದವು. ಬಸ್ಸಿಗೆ ಹೊತ್ತಾಗುತ್ತಿದ್ದರೂ ಅವಳು ಏಳಲಿಲ್ಲ. 14, 15, 16 ಎಂದು ಒಂದೊಂದೇ ಕೊಡುತ್ತಾ, ಪ್ರತಿ ಉತ್ತರವನ್ನೂ ಹಿಂದಿನದರ ಜೊತೆ ಕಾಗದದಲ್ಲಿ ಗುಣಿಸಿ ತಾಳೆ ನೋಡುತ್ತಾ ಹೋದಳು. 20ರವರೆಗೆ ಎಲ್ಲವೂ ಸರಿಯಿತ್ತು. 21 ಎಂದು ಕೊಟ್ಟಾಗ ಋಣ ಚಿಹ್ನೆಯ ಹಿಂದೆ ಹತ್ತೊಂಬತ್ತು ಅಂಕಿಗಳು ಪರದೆಯ ಮೇಲೆ ಮೂಡಿದವು. ಅವಳು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ "ಕೋಡಿ" ಎಂದು ಬರೆದು, ಪುಸ್ತಕ ಮುಚ್ಚಿ, ಬಸ್ಸಿಗೆ ಓಡಿದಳು.