ಹಳೆಯ ಸಾಕ್ಷ್ಯಚಿತ್ರಗಳಲ್ಲಿ ಜನ ಓಡೋಡಿ ನಡೆಯುವುದೇಕೆ?

ಓದುಗರ ಪ್ರಶ್ನೆ: ದಂಡಿಯಾತ್ರೆ, ಮೊದಲ ಮಹಾಯುದ್ಧ, ಅರಸರ ಕಾಲದ ಮೆರವಣಿಗೆ, ಹೀಗೆ ಯಾವ ಹಳೆಯ ತುಣುಕು ನೋಡಿದರೂ ಜನ ಪಟಪಟನೆ ಹೆಜ್ಜೆ ಹಾಕುತ್ತಿರುತ್ತಾರೆ. ಆಗಿನ ಕ್ಯಾಮೆರಾಗಳೇ ಹಾಗಿದ್ದವೇ? ನಮ್ಮೂರಿನ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಒಬ್ಬರ ಮನೆಯಲ್ಲಿ ಸಿಕ್ಕ ಹಳೆಯ ರೀಲನ್ನು ಸರಿಯಾದ ವೇಗಕ್ಕೆ ತರಬಹುದೇ?

ಉತ್ತರ: ಖಂಡಿತ ತರಬಹುದು. ಕ್ಯಾಮೆರಾ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಚಿತ್ರ ತೆಗೆದ ವೇಗ ಒಂದಾಗಿದ್ದು, ಅದನ್ನು ಇನ್ನೊಂದು ವೇಗದಲ್ಲಿ ಓಡಿಸುತ್ತಿರುವುದರಿಂದ ಈ ಎಡವಟ್ಟು.

ಮೂಕಿ ಚಿತ್ರಗಳ ಕಾಲದಲ್ಲಿ ಹೆಚ್ಚಿನ ಕ್ಯಾಮೆರಾಗಳಿಗೆ ಮೋಟಾರು ಇರಲಿಲ್ಲ. ಛಾಯಾಗ್ರಾಹಕ ಪಕ್ಕದ ಹಿಡಿಕೆಯನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಸಾಮಾನ್ಯವಾಗಿ ಒಂದು ಸುತ್ತಿಗೆ 8 ಫ್ರೇಮು (ಫಿಲ್ಮಿನ ಮೇಲಿನ ಒಂದೊಂದು ಬಿಡಿ ಚಿತ್ರ), ಸೆಕೆಂಡಿಗೆ ಎರಡು ಸುತ್ತು, ಒಟ್ಟು 16 ಫ್ರೇಮು. ಇದು ಪುಸ್ತಕದ ಲೆಕ್ಕ. ಬೆಳಕು ಕಡಿಮೆಯಾದಾಗ ನಿಧಾನವಾಗಿ ತಿರುಗಿಸಿದರೆ ಪ್ರತಿ ಫ್ರೇಮಿಗೂ ಹೆಚ್ಚು ಬೆಳಕು ಸಿಗುತ್ತಿತ್ತು, ಫಿಲ್ಮೂ ಉಳಿಯುತ್ತಿತ್ತು. ಹಾಗಾಗಿ ಸಂಜೆ ತೆಗೆದ ದೃಶ್ಯ 12 ಫ್ರೇಮಿಗೆ ಇಳಿದಿರಬಹುದು, ಮಧ್ಯಾಹ್ನದ್ದು 20ಕ್ಕೆ ಏರಿರಬಹುದು. 1926ರ ಹೊತ್ತಿಗೆ ಚಿತ್ರಕ್ಕೆ ಧ್ವನಿ ಸೇರತೊಡಗಿತು. ವೇಗ ಏರುಪೇರಾದರೆ ಮಾತೂ ಹಾಡೂ ಕೆಡುತ್ತವೆ, ಆದ್ದರಿಂದ ನಿಮಿಷಕ್ಕೆ 90 ಅಡಿ ಫಿಲ್ಮು ಎಂದು ಗೊತ್ತುಮಾಡಿದರು. 35 ಎಂ.ಎಂ. ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮುಗಳಿರುವುದರಿಂದ ಅದು ಸೆಕೆಂಡಿಗೆ 24 ಆಗುತ್ತದೆ. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ವೇಗ ಒಂದೂವರೆ ಪಟ್ಟು, 10 ನಿಮಿಷದ ಘಟನೆ 6 ನಿಮಿಷ 40 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ನಮ್ಮ ಟಿ.ವಿ.ಯ 25 ಫ್ರೇಮಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಮನೆಗಳಲ್ಲಿ ಸಿಗುವ ರೀಲು ಬಹುಮಟ್ಟಿಗೆ 8 ಎಂ.ಎಂ.ನದು. ಅದರಲ್ಲಿ ಎರಡು ಬಗೆ. 1932ರಲ್ಲಿ ಬಂದ ಸ್ಟ್ಯಾಂಡರ್ಡ್ 8ರ ಅಂಚಿನ ತೂತುಗಳು ದೊಡ್ಡವು, ಎರಡು ಫ್ರೇಮುಗಳ ನಡುವಿನ ಗೆರೆಯ ಪಕ್ಕದಲ್ಲಿರುತ್ತವೆ. ಅದರ ವಾಡಿಕೆಯ ವೇಗ 16. 1965ರ ಸೂಪರ್ 8ರ ತೂತುಗಳು ಚಿಕ್ಕವು, ಫ್ರೇಮಿನ ಮಧ್ಯಕ್ಕೆ ಸರಿಯಾಗಿರುತ್ತವೆ. ಅದರದು 18. ರೀಲನ್ನು ಸ್ಕ್ಯಾನ್ ಮಾಡಿ, ಅಂದರೆ ಡಿಜಿಟಲ್ ರೂಪಕ್ಕೆ ತಂದು, ಸ್ಟುಡಿಯೋದವರು ಕೊಟ್ಟ ಫೈಲಿನ ವೇಗ ಸರಿಯಿದೆಯೇ ಎಂದು ನೋಡಲು ಅದರ ಅವಧಿ ಸಾಕು. ಸೂಪರ್ 8ರ 50 ಅಡಿ ರೀಲಿನಲ್ಲಿ 3,600 ಫ್ರೇಮುಗಳಿದ್ದು, 3 ನಿಮಿಷ 20 ಸೆಕೆಂಡು ಓಡಬೇಕು. ನಿಮ್ಮ ಫೈಲು 2 ನಿಮಿಷ 24 ಸೆಕೆಂಡಿಗೇ ಮುಗಿದರೆ ಅದನ್ನು 25ರಲ್ಲಿ ಓಡಿಸಿದ್ದಾರೆ ಎಂದರ್ಥ. ಸ್ಟ್ಯಾಂಡರ್ಡ್ 8ರ 50 ಅಡಿಯಲ್ಲಿ 4,000 ಫ್ರೇಮು, ಸರಿಯಾದ ಅವಧಿ 4 ನಿಮಿಷ 10 ಸೆಕೆಂಡು.

ಕೈ ಹಿಡಿಕೆಯ ಕಾಲದ ತುಣುಕಿಗೆ ಇಂಥ ಸಿದ್ಧ ಲೆಕ್ಕ ನಡೆಯುವುದಿಲ್ಲ. ದೃಶ್ಯದೊಳಗೇ ಸಾಕ್ಷ್ಯ ಹುಡುಕಬೇಕು. ಎಲ್ಲಕ್ಕಿಂತ ನಂಬಿಕೆಯದು ಕೆಳಗೆ ಬೀಳುವ ಭಾರದ ವಸ್ತು. 4 ಅಡಿ ಎತ್ತರದಿಂದ ಕೈಜಾರಿದ ಕಲ್ಲೋ ತೆಂಗಿನಕಾಯಿಯೋ ನೆಲ ಮುಟ್ಟಲು ಅರ್ಧ ಸೆಕೆಂಡು ಬೇಕು, 1920ರಲ್ಲೂ ಅಷ್ಟೇ, ಇಂದೂ ಅಷ್ಟೇ. ಒಂದೊಂದೇ ಫ್ರೇಮು ಸರಿಸುತ್ತಾ ಎಣಿಸಿ. ಬೀಳಲು 8 ಫ್ರೇಮು ಹಿಡಿದಿದ್ದರೆ ಚಿತ್ರ ತೆಗೆದದ್ದು 16ರಲ್ಲಿ, 9 ಹಿಡಿದಿದ್ದರೆ 18ರಲ್ಲಿ. ಹೂವಿನ ಎಸಳು ಗಾಳಿಯಲ್ಲಿ ತೇಲುತ್ತದಾದ್ದರಿಂದ ಈ ಲೆಕ್ಕಕ್ಕೆ ಬಾರದು. ಬೀಳುವ ವಸ್ತು ಕಾಣದಿದ್ದರೆ ಕವಾಯತಿನ ಸೈನಿಕರನ್ನು ನೋಡಿ. ಬಿರುಸಿನ ಮಾರ್ಚ್‌ನಲ್ಲಿ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಅಂದರೆ ಒಂದು ಹೆಜ್ಜೆಗೆ ಅರ್ಧ ಸೆಕೆಂಡು. ಒಂದು ಹಿಮ್ಮಡಿ ಊರಿದಾಗಿನಿಂದ ಇನ್ನೊಂದು ಹಿಮ್ಮಡಿ ಊರುವವರೆಗೆ ಎಷ್ಟು ಫ್ರೇಮು ಎಂದು ಎಣಿಸಿದರಾಯಿತು.

ಸಾಮಾನ್ಯ ಜನರ ನಡಿಗೆ ಮಾತ್ರ ಮೋಸ ಮಾಡುತ್ತದೆ. 1930ರ ದಂಡಿಯಾತ್ರೆಯಲ್ಲಿ 60 ವರ್ಷದ ಗಾಂಧೀಜಿ ಬಿರುಸಾಗಿ ನಡೆಯುತ್ತಿದ್ದುದು ನಿಜ. ಬಿರುನಡಿಗೆಗೆ ಅವರು ಹೆಸರಾಗಿದ್ದರು. ಮುದುಕರು ಹೀಗೆ ನಡೆಯಲಾರರು ಎಂದು ಊಹಿಸಿ ಆ ದೃಶ್ಯವನ್ನು ನಿಧಾನಗೊಳಿಸಿದರೆ ಅವರ ನಡಿಗೆಯನ್ನೇ ನಾವು ಅಳಿಸಿದಂತೆ. ಕಣ್ಣಿಗೆ ಹಿತವಾಗಿ ಕಂಡಿತೆಂಬುದು ವೇಗ ನಿರ್ಧರಿಸಲು ಸಾಕಾದ ಕಾರಣವಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಇನ್ನು ಕೆಲಸದ ಕ್ರಮ. ಸ್ಕ್ಯಾನ್ ಮಾಡಿಸುವಾಗ ಫಿಲ್ಮಿನ ಒಂದು ಫ್ರೇಮಿಗೆ ಫೈಲಿನಲ್ಲೂ ಒಂದೇ ಫ್ರೇಮು ಬರಲಿ ಎಂದು ಸ್ಪಷ್ಟವಾಗಿ ಹೇಳಿ. ಬೇರೆ ಕಡೆಯಿಂದ ಪಡೆದ ತುಣುಕಾದರೆ ಮೊದಲು ಒಂದೊಂದೇ ಫ್ರೇಮು ಓಡಿಸಿ ನೋಡಿ. ಪ್ರತಿ ಎರಡನೆಯ ಫ್ರೇಮು ಎರಡೆರಡು ಸಲ ಬರುತ್ತಿದ್ದರೆ, ಹಿಂದೆಯೇ ಯಾರೋ 16ನ್ನು 24 ಮಾಡಲು ಹಾಗೆ ಮುದ್ರಿಸಿದ್ದಾರೆ. ಆ ನಕಲುಗಳನ್ನು ತೆಗೆಯದೆ ಮತ್ತೆ ನಿಧಾನಗೊಳಿಸಿದರೆ ಜನ ನೀರಿನಲ್ಲಿ ನಡೆದಂತೆ ಕಾಣುತ್ತಾರೆ. ಒಂದರ ಮೇಲೊಂದು ಮಸುಕಾಗಿ ಎರಡು ಚಿತ್ರ ಕಂಡರೆ ಫ್ರೇಮುಗಳನ್ನು ಬೆರೆಸಿದ ಪ್ರತಿ ಅದು. ಅದನ್ನು ಬಿಡಿಸುವುದು ಕಷ್ಟ, ಬೇರೆ ಪ್ರತಿ ಹುಡುಕುವುದೇ ವಾಸಿ.

ಬಳಿಕ ತುಣುಕನ್ನು ಶಾಟ್ ಶಾಟ್ ಆಗಿ (ಕ್ಯಾಮೆರಾ ನಿಲ್ಲದೆ ಒಮ್ಮೆಗೆ ತೆಗೆದ ಭಾಗವೇ ಒಂದು ಶಾಟ್) ಕತ್ತರಿಸಿ, ಪ್ರತಿ ಶಾಟಿಗೂ ಬೇರೆ ವೇಗ ಕೊಡಿ. ಶಾಟಿನ ಮೊದಲ ಕೆಲವು ಫ್ರೇಮುಗಳು ಬೆಳ್ಳಗೆ ಮಿಂಚುತ್ತಿದ್ದರೆ ಹಿಡಿಕೆ ಆಗಷ್ಟೇ ವೇಗ ಪಡೆಯುತ್ತಿತ್ತು ಎಂದು ತಿಳಿಯಿರಿ, ಅಲ್ಲಿ ಎಣಿಸಬೇಡಿ. ಡಾವಿಂಚಿ ರಿಸಾಲ್ವ್‌ನಂಥ ಎಡಿಟಿಂಗ್ ತಂತ್ರಾಂಶದಲ್ಲಿ ವೇಗವನ್ನು ಶೇಕಡಾವಾರು ಬದಲಿಸಬಹುದು. ಫೈಲು 25ರಲ್ಲಿದ್ದರೆ, 16ರ ಚಿತ್ರಕ್ಕೆ ಶೇ. 64, 18ಕ್ಕೆ ಶೇ. 72, 20ಕ್ಕೆ ಶೇ. 80.

ಹೀಗೆ ನಿಧಾನಗೊಳಿಸಿದಾಗ ನಡುವೆ ಫ್ರೇಮುಗಳು ಸಾಲದೆ ಬರುತ್ತವೆ. ಇದ್ದವನ್ನೇ ಮರುಬಳಸಿದರೆ ಸ್ವಲ್ಪ ತಡವರಿಸಿದಂತೆ ಕಾಣುತ್ತದೆ, ಆದರೆ ಪರದೆಯ ಮೇಲಿನದೆಲ್ಲ ಫಿಲ್ಮಿನಲ್ಲಿದ್ದದ್ದೇ. ಆಪ್ಟಿಕಲ್ ಫ್ಲೋ ಬಳಸಿದರೆ ತಂತ್ರಾಂಶವೇ ನಡುವಿನ ಚಿತ್ರಗಳನ್ನು ಊಹಿಸಿ ತುಂಬುತ್ತದೆ. ಚಲನೆ ನಯವಾಗುತ್ತದೆ, ಆದರೆ ಗಾಡಿಯ ಚಕ್ರದ ಅರಗಳು ಬಾಗುತ್ತವೆ, ಅಡ್ಡಹಾಯುವ ಕಾಲುಗಳು ಅಂಟಿಕೊಳ್ಳುತ್ತವೆ. ಗೀರು, ದೂಳಿನ ಚುಕ್ಕೆಗಳನ್ನೂ ಚಲನೆ ಎಂದೇ ಭಾವಿಸಿ ಎಳೆದಾಡಿಬಿಡುತ್ತದೆ. ಆದ್ದರಿಂದ ದೂಳು ತೆಗೆಯುವ ಕೆಲಸ ಮೊದಲು, ಫ್ರೇಮು ತುಂಬುವುದು ಆಮೇಲೆ. ಮೊದಲ ಮಹಾಯುದ್ಧದ ತುಣುಕುಗಳಿಂದ ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ 2018ರಲ್ಲಿ ಮಾಡಿದ ಸಾಕ್ಷ್ಯಚಿತ್ರದಲ್ಲಿ ವೇಗ ತಿದ್ದಿ, ಬಣ್ಣ ಹಚ್ಚಿ, ತುಟಿಯ ಚಲನೆ ಓದಬಲ್ಲವರ ನೆರವಿನಿಂದ ಮಾತನ್ನೂ ಸೇರಿಸಿದ್ದರು. ಅಷ್ಟು ದೊಡ್ಡ ತಂಡ ಇಲ್ಲದವರು ಫ್ರೇಮು ಮರುಬಳಸುವ ದಾರಿಯನ್ನೇ ಹಿಡಿಯುವುದು ಕ್ಷೇಮ.

ಮೂಕ ದೃಶ್ಯಕ್ಕೆ ಹೆಜ್ಜೆ ಸಪ್ಪಳ, ಜಯಘೋಷ ಸೇರಿಸುವುದಾದರೆ, ವೇಗ ತಿದ್ದಿದ್ದು ಮತ್ತು ಧ್ವನಿ ಆಮೇಲೆ ಸೇರಿಸಿದ್ದು ಎರಡನ್ನೂ ಆ ದೃಶ್ಯ ಬರುವಾಗಲೇ ಒಂದು ಸಾಲಿನಲ್ಲಿ ತೋರಿಸಿ. ಕೊನೆಯ ಹೆಸರುಗಳ ಪಟ್ಟಿಯಲ್ಲಿ ಹಾಕಿದರೆ ಯಾರೂ ಓದುವುದಿಲ್ಲ. ತಿದ್ದದ ಮೂಲ ಸ್ಕ್ಯಾನನ್ನು ಬೇರೆ ಡಿಸ್ಕಿನಲ್ಲಿ ಇಡಿ, ಯಾವ ಶಾಟಿಗೆ ಎಷ್ಟು ವೇಗ, ಯಾವ ಸಾಕ್ಷ್ಯದಿಂದ ಎಂಬ ಟಿಪ್ಪಣಿಯನ್ನೂ ಅದರೊಂದಿಗೇ ಇಡಿ. ರೀಲನ್ನು ತೊಳೆದು ಒರೆಸುವ ಸಾಹಸಕ್ಕೆ ಹೋಗದೆ, ತಂಪಾದ, ತೇವವಿಲ್ಲದ ಕಡೆ ಇಟ್ಟು ಮನೆಯವರಿಗೆ ಹಿಂತಿರುಗಿಸಿ. ವಿನೆಗರಿನಂಥ ಹುಳಿ ವಾಸನೆ ಬರುತ್ತಿದ್ದರೆ ಫಿಲ್ಮು ಕೆಡಲು ಶುರುವಾಗಿದೆ. ಅಂಥದನ್ನು ಪ್ರೊಜೆಕ್ಟರಿಗೆ ಹಾಕದೆ ಮೊದಲು ಸ್ಕ್ಯಾನಿಗೆ ಕಳುಹಿಸಿ, ಬೇರೆ ರೀಲುಗಳಿಂದ ದೂರವಿಡಿ.